ಕಪ್ಪೆ ಹಲ್ಲು ಕಡಿದರೆ ಮಳೆ

ಬಚ್ಚಲ ತೊಟ್ಟಿಯ ಹಿಂದಿನಿಂದ ಮತ್ತೆ ಅದೇ ಸದ್ದು, ಕಟಕಟ, ಕಟಕಟ, ಹಲ್ಲೇ ಇಲ್ಲದ ಪ್ರಾಣಿ ಹಲ್ಲು ಕಡಿದಂತೆ, ಹೋದ ವಾರ ತಾನು ಪೊರಕೆ ಎತ್ತಿದ್ದು ಇದೇ ಕಪ್ಪೆಗೆ — ಸೂಗಮ್ಮ ತಂಬಿಗೆ ಹಿಡಿದು ಹಾಗೇ ನಿಂತಳು, ಪಡಸಾಲೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಯಾರೂ ಎತ್ತುತ್ತಿಲ್ಲ, ಯಾರದೆಂದು ಎಲ್ಲರಿಗೂ ಗೊತ್ತು, ವಿಯೆಟ್ನಾಮಿನ ಬೀಗತಿಯದು, ಆಸ್ಪತ್ರೆಯ ಮಂಚದಿಂದ, ಇವತ್ತೋ ನಾಳೆಯೋ ಅನ್ನುವಂತಿದ್ದಾಳಂತೆ, ಮಗ ಶಿವರಾಜ ಬೆಳಿಗ್ಗೆ ಸುಸಲಾ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದ, ಆಕಿಗಿ ಬ್ಯಾರೆ ಏನೂ ಬ್ಯಾಡಂತಬೇ, ಮೊಮ್ಮಗಳ ಬಾಯಾಗಿಂದ ತಮ್ಮ ಭಾಷಾದಾಗಿನ ಒಂದು ಮಾತು ಕೇಳಬೇಕಂತ, ಅಷ್ಟ. ಒಂದು ಮಾತು. ಅದೇ ಇಲ್ಲವಲ್ಲ, ಏಳು ವರ್ಷದ ನೀಲಾಗೆ ಕನ್ನಡ ಬರುತ್ತದೆ, ಮನೆಯ ಅಕ್ಕಿ ಗಿರಣಿಯ ಹಮಾಲರ ತೆಲುಗು ಬರುತ್ತದೆ, ಎದುರಂಗಡಿಯ ವಲಿ ಪಾಷಾನ ಹತ್ತಿರ ಚಾಕಲೇಟಿಗಾಗಿ ಉರ್ದುವಿನಲ್ಲಿ ಜಗಳವಾಡುವುದೂ ಬರುತ್ತದೆ, ಹೆತ್ತ ತಾಯಿಯ ಮಾತೊಂದು ಬರುವುದಿಲ್ಲ, ಯಾರಿಂದ ಹೀಗಾಯಿತೆಂದು ಮಾನ್ವಿಯ ಈ ಮನೆಯ ಕಂಬಕ್ಕೂ ಗೊತ್ತು, ಬಾಯಿ ಬಿಟ್ಟು ಹೇಳುವವರಿಲ್ಲ ಅಷ್ಟೇ.

ಅಕ್ಕಿ ಆರಿಸುವ ಮಷೀನು ಕಲಿತು ಬರುತ್ತೇನೆಂದು ಆರು ತಿಂಗಳಿಗೆ ವಿಯೆಟ್ನಾಮಿಗೆ ಹೋದ ಶಿವರಾಜ ಎರಡು ವರ್ಷ ಬಿಟ್ಟು ಬಂದ, ಜೊತೆಗೆ ಲಿಯೆನ್, ಆ ಹೆಸರು ಸೂಗಮ್ಮನ ನಾಲಿಗೆಗೆ ಹತ್ತಲಿಲ್ಲ, ಮದುವೆಯ ಹಂದರದಲ್ಲೇ ಶೈಲಜಾ ಎಂದು ಕರೆದಳು, ಅವಳು ಅದಕ್ಕೂ ಓಗೊಟ್ಟಳು, ಕೊರಳಿಗೆ ಲಿಂಗ ಕಟ್ಟಿಸಿಕೊಂಡಳು, ಬೆರಳು ಸುಟ್ಟುಕೊಂಡು ಜೋಳದ ರೊಟ್ಟಿ ಬಡಿಯುವುದನ್ನೂ ಕಲಿತಳು, ಕೂಸು ಹುಟ್ಟಿದ ಮೇಲೆ ಮಾತ್ರ ಸಂಜೆಯಾದರೆ ಕಟ್ಟೆಯ ಮೇಲೆ ಅದನ್ನು ತೊಡೆಯಲ್ಲಿ ಕೂರಿಸಿಕೊಂಡು ಕಿವಿಗೆ ತುಟಿ ಹಚ್ಚಿ ಕೋಕ್, ಕೋಕ್ ಎಂದು ಏನೋ ಶುರು ಮಾಡುವಳು, ಡೊಳ್ಳು ಬಾರಿಸಿದ ಹಾಗೆ ನೆಲ ಬಡಿಯುವಳು, ಮುಗಿಲಿಗೆ ಬೆರಳು ತೋರಿಸುವಳು, ಆಮೇಲೆ ಕಟಕಟ ಹಲ್ಲು ಕಡಿಯುವಳು, ಫೋನಿನೊಳಗಿಂದ ಬೀಗತಿ ಮುದುಕಿಯೂ ಕಡಿಯುವಳು, ಎರಡು ವರ್ಷದ ನೀಲಾ ತನ್ನ ಅಕ್ಕಿಕಾಳಿನಂಥ ಹಲ್ಲು ಕಡಿದು ಕೇಕೆ ಹಾಕುವಳು — ಅಡುಗೆಮನೆ ಬಾಗಿಲಲ್ಲಿ ನಿಂತ ಸೂಗಮ್ಮ ತಿಳಿದದ್ದೇನು, ನನಗ ಹಲ್ಲು ಕಡಿಯೋದು ಕಲಸಾಕತ್ತಾಳ ಕೂಸಿಗಿ ಈಕಿ, ಬೆಳಿಗ್ಗೆಯಷ್ಟೇ ರೊಟ್ಟಿ ಹೊತ್ತಿಸಿದಳೆಂದು ಬೈದಿದ್ದಳಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. ಎರಡೂವರೆ ತುಂಬಿದರೂ ಕೂಸು ಮಾತಾಡಲಿಲ್ಲ. ದೇವದುರ್ಗದ ಅಕ್ಕ ಬಂದವಳು ಚಹಾ ಕುಡಿಯುವ ಮೊದಲೇ ತೀರ್ಪು ಕೊಟ್ಟಳು, ಎರಡು ಮಾತಿನ ನಡುವ ಸಿಕ್ಕು ಕೂಸು ಮೂಕಿ ಆಗ್ತದ ನೋಡು, ಬಜಿ ಬೇರು ತೇದು ನಾಲಿಗಿಗಿ ಹಚ್ಚು, ಬಜಿ ನಾಟೂತನಕ ಬ್ಯಾರೆ ಮಾತು ಕಿವಿಗಿ ಬೀಳಬಾರದು. ಹಚ್ಚಿದಳು. ಎಳೆಬಿಸಿಲಲ್ಲಿ ಹೊಸ್ತಿಲ ಮೇಲೆ ಕೂಸನ್ನು ಕೂರಿಸಿ, ಸಾಣೆಕಲ್ಲಿನ ಮೇಲೆ ತೇದ ಬಜೆಗೆ ಎರಡು ಹನಿ ಜೇನು ಹಾಕಿ, ನಾಲಿಗಿ ತಗಿ ನನ್ನವ್ವಾ, ತಗಿ — ಆ ಪುಟ್ಟ ನಾಲಿಗೆ ಹೊರಗೆ ಬರುವುದು, ಖಾರಕ್ಕೆ ನಡುಗುವುದು, ಅದರ ಮೇಲೆ ತನ್ನ ಬೆರಳು.

ಬಜೆಯಿಂದೇನೂ ಕೆಡುತ್ತಿರಲಿಲ್ಲ, ಕೆಟ್ಟದ್ದು ಆಣೆಯಿಂದ. ಲಿಂಗದ ಮ್ಯಾಲ ಕೈ ಇಡು, ಕೂಸಿನ ಮುಂದ ನಿನ್ನ ಮಾತು ಆಡಂಗಿಲ್ಲಂತ ಆಣಿ ಮಾಡು ಎಂದು ಸೊಸೆಗೆ ಅಂದಳು, ಅವಳು ಮಾಡಿದಳು. ಈ ಸೀಮೆಯ ಸೊಸೆಯಂದಿರು ದಿನಕ್ಕೆ ಹತ್ತು ಆಣೆ ಮಾಡಿ ಸಂಜೆಗೆ ಹತ್ತನ್ನೂ ಮರೆಯುತ್ತಾರೆ, ಅತ್ತೆಯರಿಗೂ ಅದು ಗೊತ್ತು, ಪಾಪ ಅವಳಿಗೆ ಅದನ್ನು ಯಾರು ಹೇಳಬೇಕು, ಆಣೆ ಅಂದರೆ ಆಣೆ ಎಂದೇ ತಿಳಿದಳು ಹುಚ್ಚಿ, ಐದು ವರ್ಷ ನಡೆಸಿದಳು, ತಾಯಿಯ ಫೋನು ಬಂದರೆ ಮಾಳಿಗೆ ಹತ್ತಿದಳು, ಆಗ ಅವಳಿಗಿದ್ದ ಕನ್ನಡ ಉಪ್ಪು ನೀರು ರೊಟ್ಟಿಯಷ್ಟು, ಅದರಲ್ಲಿ ಕೂಸಿಗೆ ಯಾವ ಕಥೆ ಹೇಳಿಯಾಳು, ಕಿವಿಗೆ ತುಟಿ ಹಚ್ಚುವಳು, ನೆನಪಾಗಿ ಮುಚ್ಚಿಕೊಳ್ಳುವಳು, ಕೂಸು ಕಥೆ ಬೇಕೆಂದು ಅಜ್ಜಿಯ ಹತ್ತಿರ ಓಡಿ ಬರುವುದು, ಆಗ ಖುಷಿಯಾಗಿತ್ತು, ಸುಳ್ಳೇಕೆ, ಸೂಗಮ್ಮ ಹಿಗ್ಗಿದ್ದಳು. ಮತ್ತೆ ರಾಯಚೂರಿನ ಆ ಡಾಕ್ಟರು, ಆಣೆಯಾದ ಹೊಸತರಲ್ಲೇ ಕೂಸನ್ನು ತೋರಿಸಲು ಹೋದಾಗ ಶಿವರಾಜ ಗಿರಣಿಯ ಬೆಲ್ಟು ತರಲು ಹೋಗಿದ್ದ, ಸೊಸೆ ಮನೆಯಲ್ಲಿದ್ದಳು, ಒಳಗೆ ತಾನೊಬ್ಬಳೇ, ಅವರು ಕೂಸಿನ ಗಲ್ಲ ಹಿಡಿದು ನಕ್ಕರು, ಏನೂ ಆಗಿಲ್ಲ ಬಿಡ್ರೀ ಯವ್ವಾ, ತಡಾಗಿ ಮಾತಾಡತಾಳ ಅಷ್ಟ, ತಾಯಿ ಮಾತು ಮಾತ್ರ ಬಿಡಸಬ್ಯಾಡ್ರಿ. ಬಸ್ಸಿನಲ್ಲಿ ಶಿವರಾಜ ಕೇಳಿದ, ಏನಂದರಬೇ? ಕಿಟಕಿಯಾಚೆಯ ಗದ್ದೆ ನೋಡುತ್ತ ಹೇಳಿದಳು, ಮಾತು ಬರ್ತದಂತ. ಅರ್ಧ ಹೇಳಿದಳು, ಇನ್ನರ್ಧ ನುಂಗಿದಳು. ಮೂರು ತಿಂಗಳಿಗೆ ನೀಲಾ ಅಜ್ಜಿ ಅಂದಳು, ಓಣಿಯೆಲ್ಲ ಬಜೆಯನ್ನು ಹೊಗಳಿತು, ಸೂಗಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು.

ಹೋದ ವಾರ ಕಪ್ಪೆಗೆ ಪೊರಕೆ ಎತ್ತಿದ ಕೈಯನ್ನು ಸೊಸೆ ಹಿಡಿದುಕೊಂಡಳು, ಹೊಡೀಬ್ಯಾಡ್ರಿ ಯವ್ವಾ, ನಮ್ಮಲ್ಲಿ ಕಪ್ಪಿಗಿ ಕೋಕ್ ಅಂತಾರ, ಇಂವ ಮುಗಿಲ ದೇವರ ಸೋದರಮಾವ, ಈಗ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಬಚ್ಚಲ ಕಟ್ಟೆಯ ಮೇಲೆ ಕೂತು ಪೂರ್ತಿ ಹೇಳಿದಳು, ಬರ ಬಿತ್ತಂತೆ, ಏಡಿ, ಜೇನು, ಹುಲಿ, ಕರಡಿಯನ್ನು ಕಟ್ಟಿಕೊಂಡು ಕಪ್ಪೆ ಮುಗಿಲಿಗೆ ಹೋಗಿ ದೇವರ ಬಾಗಿಲಿನ ಡೊಳ್ಳು ಬಾರಿಸಿತಂತೆ, ದೇವರು ಸೋತು ಮಾವಾ, ಇನ್ನು ನೀ ಇಲ್ಲೀತನಕ ಬರಬ್ಯಾಡ, ಅಲ್ಲೇ ಕೂತು ಹಲ್ಲು ಕಡಿ, ಮಳಿ ಕಳಸ್ತೀನಿ ಅಂದನಂತೆ. ಇಷ್ಟೇ. ಕುರ್ಡಿಯ ತವರಿನಲ್ಲಿ ಮಳೆ ಕೈಕೊಟ್ಟಾಗ ಒನಕೆಗೆ ಬೇವಿನ ತಪ್ಪಲು ಕಟ್ಟಿ, ನಡುವೆ ಕಪ್ಪೆ ಕಟ್ಟಿ ಮನೆಮನೆಗೆ ಹೊತ್ತವಳು ತಾನು, ಬಾಗಿಲು ಬಾಗಿಲಲ್ಲಿ ಹೆಂಗಸರು ಕೊಡದಿಂದ ಸುರಿದ ನೀರು ನೆತ್ತಿಯಿಂದ ಇಳಿದದ್ದು ಇವತ್ತಿಗೂ ಮೈಗೆ ಗೊತ್ತು, ನಮ್ಮ ಕಪ್ಪೆಯೇ, ನಮ್ಮ ಮಳೆಯೇ, ಆವತ್ತು ಕಟ್ಟೆಯ ಮೇಲೆ ಸೊಸೆ ಹಲ್ಲು ಕಡಿದಾಗ ಏನವ್ವಾ ಅದು ಕಥಿ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ.

ಫೋನು ನಿಂತು ಮತ್ತೆ ಹೊಡೆಯಿತು. ತಂಬಿಗೆ ಇಟ್ಟು, ಒದ್ದೆ ಕೈಯಲ್ಲೇ ಪಡಸಾಲೆಗೆ ಬಂದು, ಕೊರಳ ಲಿಂಗ ಹಿಡಿದು, ಲಿಯೆನ್ ಅಂದಳು — ಹೆಸರು ಸರಿಯಾಗಿಯೇ ಬಂತಲ್ಲ, ಇಷ್ಟು ಸುಲಭವಿತ್ತೇ — ಆಣಿ ಬಿಡಿಸೀನಿ ನನ್ನವ್ವಾ, ತಪ್ಪು ನಂದು, ಹೇಳು ಕೂಸಿಗಿ, ಕಪ್ಪಿ ಕಥಿ ಹೇಳು. ಸೊಸೆ ಫೋನು ಎತ್ತಿದಳು, ನೀಲಾಳನ್ನು ಹತ್ತಿರ ಎಳೆದುಕೊಂಡಳು, ಕಿವಿಗೆ ತುಟಿ ಹಚ್ಚಿ, ಕೋಕ್, ಮತ್ತೆ ಕೋಕ್, ಕಥೆ ಮುಂದಕ್ಕೆ ಹೋಯಿತು, ನೀಲಾ ಕಿವಿ ಉಜ್ಜಿಕೊಂಡಳು, ಫೋನಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡ ಮುದುಕಿ ಕಣ್ಣು ತೆರೆದಳು, ಅವಳಿಗೆ ಕಥೆಯ ಆ ಜಾಗ ಗೊತ್ತು, ಕೂಸು ಕೇಕೆ ಹಾಕುತ್ತಿದ್ದ ಜಾಗ, ಇದ್ದ ಶಕ್ತಿಯೆಲ್ಲ ಒಟ್ಟು ಮಾಡಿ ಕಟಕಟ ಹಲ್ಲು ಕಡಿದಳು, ಕಾದಳು. ನೀಲಾ ಹಿಂದೆ ಸರಿದು ಸೂಗಮ್ಮನ ಸೆರಗು ಹಿಡಿದಳು, ಅಜ್ಜೀ, ಆ ಮುದುಕಿ ನನಗ್ಯಾಕ ಹಲ್ಲು ಕಡಿಯಾಕತ್ತಾಳ? ಹೇಳಬೇಕು, ಹಾಗಲ್ಲ ಅನ್ನಬೇಕು, ಮಳೆ ಅನ್ನಬೇಕು, ಸೋದರಮಾವ ಅನ್ನಬೇಕು, ಬಾಯಿ ತೆರೆದಳು, ಕಣ್ಣ ಮುಂದೆ ಅದೇ ಎಳೆಬಿಸಿಲು, ಹೊಸ್ತಿಲು, ಆ ಪುಟ್ಟ ನಾಲಿಗೆ, ನಡುಗುತ್ತಿರುವ ನಾಲಿಗೆ, ಅದರ ಮೇಲೆ ತನ್ನ ಬೆರಳು.