ಗಂಗವ್ವನ ತವರು

ಮತ್ತೆ ಒಂದು ಗುಳ್ಳೆ, ಎಡ ಹೊಳ್ಳೆಯ ತುದಿಯಲ್ಲಿ, ಸಾಸಿವೆಯಷ್ಟು, ಉಬ್ಬುತ್ತದೆ, ಒಡೆಯುತ್ತದೆ — ಒಡೆದರೆ ಉಸಿರಿದೆ ಎಂದು ಲೆಕ್ಕ — ಸೌಂದರ್ಯಾ ತೊಡೆಯ ಮೇಲಿನ ಬುಟ್ಟಿಗೆ ಬಗ್ಗಿದ್ದಾಳೆ, ಬಸ್ಸು ಜಮಖಂಡಿ ಬಿಟ್ಟು ಬನಹಟ್ಟಿಯ ದಾರಿ ಹಿಡಿದಿದೆ, ಕಿಟಕಿಯ ತುಂಬ ಕಬ್ಬು, ಮತ್ತೆ ಕಬ್ಬು, ಹಳೆಯ ಸೀರೆಯ ಮೆತ್ತೆಯ ಮೇಲೆ ಗಂಗವ್ವ ಎಂಬ ಆಮೆ ಕುತ್ತಿಗೆ ಚಾಚಿ ಮಲಗಿದೆ, ಬಾಯಿ ಅರೆತೆರೆದು, ಈ ಕುತ್ತಿಗೆ ಹೊರಗೆ ಬರಲಿ ಎಂದು ಎರಡು ತಿಂಗಳು ಕಾದವಳು ಇವಳೇ, ಈಗ ಬಂದಿದೆ, ಅಂಜಿಕೆ ಹೋಗಿ ಅಲ್ಲ, ಉಸಿರು ಸಾಲದೆ. ಯಾರವ್ವಾ ಇದನ್ನ ನೀರಾಗ ಇಟ್ಟವರು, ಅಂದರು ದನದ ದವಾಖಾನೆಯ ಡಾಕ್ಟರು, ಕಾಲು ನೋಡು, ಆನಿ ಕಾಲಿನಂಗ ಅದಾವ, ಬೆರಳಿನ ನಡುವ ತೊಗಲ ಐತೇನು, ಇದು ನೆಲದ ಆಮಿ, ಅಡವ್ಯಾಗಿನ ಜೀವ, ಇದಕ್ಕ ಈಜು ಬರೂದಿಲ್ಲ, ಎದಿಯೊಳಗ ನೀರ ಹೊಕ್ಕೈತಿ, ಸೂಜಿ ಮಾಡೇನಿ, ಇನ್ನ ನೀರಾಗ ಬಿಡಬ್ಯಾಡ, ಬೆಚ್ಚಗಿಡು, ಮೂರು ದಿನ ದಾಟಿದರ ತಗೊಂಡು ಬಾ, ಅರಣ್ಯದವರಿಗೆ ಒಪ್ಪಿಸೂಣು, ಇದನ್ನ ಮನ್ಯಾಗ ಇಟ್ಕೊಳ್ಳೂದೂ ತಪ್ಪು. ದಾಟಿದರ ಅಂದರು, ದಾಟಿದ ಮ್ಯಾಲ ಅನ್ನಲಿಲ್ಲ. ಇಟ್ಟವರು ಯಾರು ಎಂದಾಗ ಇವಳು ಅಜ್ಜಿಯ ಕಡೆ, ತನ್ನ ಆಯಿಯ ಕಡೆ, ಬೆರಳು ತೋರಲಿಲ್ಲ, ನಾನು ಅಂತಲೂ ಅನ್ನಲಿಲ್ಲ, ಬುಟ್ಟಿಯ ಮೆತ್ತೆ ಸರಿಮಾಡಿದಳು.

ನೀರಿನಿಂದ ಎತ್ತಿದ್ದಲ್ಲವೇ, ನೀರಿನದೇ ಎಂದುಕೊಂಡರು, ಅಷ್ಟೇ ಆದದ್ದು — ಶ್ರಾವಣದಲ್ಲಿ, ಬೀಳಗಿಯ ಆಚೆ, ಹಿನ್ನೀರಿನ ದಂಡೆಯಲ್ಲಿ. ಊರು ಮುಳುಗಡೆಯಾಗಿ ಹನ್ನೆರಡು ವರ್ಷ, ಆಯಿ ಮಾತ್ರ ವರ್ಷಕ್ಕೊಮ್ಮೆ ತನ್ನ ಮನೆಯಿದ್ದ ದಿಕ್ಕಿಗೆ ಮುಖ ಮಾಡಿ ನಿಂತು ಸಜ್ಜೆರೊಟ್ಟಿಯ ಬುತ್ತಿ ನೀರಿಗೆ ಬಿಡಲೇಬೇಕು, ಈಶ್ವರಕಾಕಾ ನೂಲು ಹೊರುವ ಟೆಂಪೋದಲ್ಲಿ ಕರೆದೊಯ್ಯುತ್ತಾನೆ, ನಿಮ್ಮಾಯಿ ರೊಟ್ಟಿ ತಿಂದು ಮೀನ ದಪ್ಪ ಆಗ್ಯಾವ ನೋಡ್ ಎಂದು ಪ್ರತಿ ವರ್ಷವೂ ನಗುತ್ತಾನೆ. ಈ ಸಲ ರೊಟ್ಟಿ ತೇಲುತ್ತ ಹೋದ ಕಡೆಯೇ, ಅರ್ಧ ಮುಳುಗಿದ ಜಾಲಿಗಿಡದ ಬುಡದಲ್ಲಿ, ಕಾಲು ಬಡಿಯುತ್ತಿತ್ತು ಇದು, ಕಾಕಾ ಟವೆಲ್ ಬೀಸಿ ಎಳೆದ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ಚಿಕ್ಕೆ, ಕಸೂತಿ ಹಾಕೇತಿ ನೋಡಬೇ ಎಂದು ಆಯಿ ಕುಣಿದಾಡಿದಳು, ಬುತ್ತಿ ಕೊಟ್ಟದ್ದಕ್ಕ ನಮ್ಮೂರು ಮಗಳನ್ನ ಕಳಿಸೈತಿ, ಹೆಸರು ಗಂಗವ್ವ. ಆಯಿಯ ಕತೆಯಲ್ಲಿ ಆಮೆ ಹೊಳೆಯ ಮಗಳು, ನೆಲದ ಊರಿಗೆ ಸೊಸೆಯಾಗಿ ಬಂದವಳು, ಅತ್ತೆ ಬೈದಾಗಲೆಲ್ಲ ರೊಟ್ಟಿಯ ಹಂಚು ಬೆನ್ನಿಗೆ ಬೋರಲು ಹಾಕಿಕೊಂಡು ಅಡಗುವವಳು, ತವರಿಗೆ ಕಳಿಸದಿದ್ದರೆ ಕೊರಗಿ ಕೊರಗಿ ಕಲ್ಲಾಗುವವಳು — ಸೌಂದರ್ಯಾ ಈ ಕತೆ ಕೇಳುತ್ತ ಎಷ್ಟು ಸಲ ನಿದ್ದೆ ಹೋಗಿದ್ದಾಳೋ, ಹೀಗಾಗಿ ದಿನಾ ಸಂಜೆ ಗಂಗವ್ವ ತವರಿಗೆ, ಅಂದರೆ ಹಿತ್ತಿಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಹಳೆಯ ಬಾನಿಗೆ, ಅಂಚಿನಲ್ಲಿ ಇನ್ನೂ ನೀಲಿ ಕಲೆ, ಮೊಣಕಾಲುದ್ದ ನೀರು. ಹಗಲೆಲ್ಲ ಪಾವರ್‌ಲೂಮಿನ ಖಟಕ್ ಖಟಕ್, ಆಗ ಗಂಗವ್ವ ಬರಿಯ ಕಲ್ಲು, ಕರೆಂಟು ಹೋದರಷ್ಟೇ ಮೂಗಿನ ತುದಿ ಹೊರಗೆ, ಇವಳು ಸೊಪ್ಪು ಹಿಡಿದು ಉಸಿರು ಬಿಗಿಹಿಡಿದು ಕೂರುವಳು, ಬಳೆ ಸದ್ದಾದರೆ ಮತ್ತೆ ಒಳಗೆ, ಮಗ್ಗಕ್ಕೆ ಅಂಜುತ್ತದೆ ಎಂದುಕೊಂಡಿದ್ದಳು, ಬಾನಿಯ ಗೋಡೆಗೆ ಉಗುರು ಕೊರೆವ ಸದ್ದು, ಕೆರ್ ಕೆರ್ ಕೆರ್, ಅದೇನು ಆಯಿ, ಮ್ಯಾಲ ಹತ್ತಾಕ ನೋಡಾಕತ್ತೈತಲ್ಲ, ಇಲ್ಲಬೇ ಹುಚ್ಚಿ, ತವರಿಗೆ ಬಂದೇನಂತ ಕುಣಿಯಾಕತ್ತಾಳ. ಅಂದೇ ಆ ಕಾಲು ನೋಡಿದ್ದಳಲ್ಲ, ಮೊಂಡು ಕಂಬದಂಥ ಕಾಲು, ಏನೋ ಚುಚ್ಚಿತ್ತು ಒಳಗೆ, ಖರೆ ಹೇಳಬೇಕೆಂದರೆ ಚುಚ್ಚಿತ್ತು, ಆದರೆ ಕತೆ ಚಂದವಿತ್ತು, ಕತೆ ಬಿಟ್ಟು ಕಾಲನ್ನು ನಂಬುವುದು ಹೇಗೆ, ಇನ್ನೊಂದು ಚರಿಗೆ ನೀರು ಸುರಿದವಳು ಯಾರು, ಇವಳೇ.

ಗುಳ್ಳೆ, ಒಡೆಯಿತು. ಏನೈತಿ ತಂಗಿ ಬುಟ್ಟ್ಯಾಗ, ಪಕ್ಕದ ಹೆಂಗಸು, ತೇರದಾಳಕ್ಕೆ ಹೊರಟವಳು, ಇಣುಕಿದಳು, ಯವ್ವಾ ಆಮಿ, ಗುಡಿಯಾಗಿನ ಕಲ್ಲಾಮಿ ಎಬ್ಬಿಸಿಕೊಂಡು ಬಂದಿ ಏನು, ತಾನೇ ನಕ್ಕಳು, ಪಾಪ ಬಾಯಿ ತೆಗದೈತಿ ನೋಡು, ನೀರಿನ ಜೀವ ಒಣಗಿಸಿ ಒಯ್ಯಾಕತ್ತೀಯಲ್ಲ, ಅನ್ನುತ್ತಲೇ ಬಾಟಲಿಯ ಬಿರಡೆ ತಿರುವಿ ಧಾರೆಯಾಗಿ — ಬ್ಯಾಡಾ ಎಂದು ಇವಳು ಕಿರುಚಿದ್ದಕ್ಕೆ ಇಡೀ ಬಸ್ಸು ತಿರುಗಿತು, ಕಂಡಕ್ಟರನೂ, ಹೆಂಗಸಿನ ಮುಖ ಸಣ್ಣದಾಯಿತು, ಪುಣ್ಯಕ್ಕಂತ ಹಾಕಿದ್ನಿ, ಏನ್ ವಿಷ ಹಾಕಿದ್ನಾ. ಇಲ್ಲರೀ, ಇದು ನೆಲದ್ದು, ಅನ್ನಬೇಕು, ಅನ್ನುವ ಮೊದಲೇ ಓಡಣಿಯಿಂದ ಗಂಗವ್ವನ ಮೂಗು ಒರೆಸಿದಳು, ಚಿಪ್ಪು ಒರೆಸಿದಳು, ಮೊದಲಾಗಿದ್ದರೆ ಇಷ್ಟು ಮುಟ್ಟಿದ್ದಕ್ಕೆ ಸರ್ರನೆ ಒಳಗೆ ಹೋಗುತ್ತಿತ್ತು ತಲೆ, ಈಗ ಹೋಗಲಿಲ್ಲ, ಅಂಜು ಗಂಗವ್ವ, ಒಂದು ಸಲ ಅಂಜು, ಒಳಗೆ ಹೋಗು. ಈ ಹೊತ್ತಿಗೆ ಆಯಿ ಬಾನಿ ತುಂಬುತ್ತಿರುತ್ತಾಳೆ, ಸೊಂಟ ಹಿಡಿದುಕೊಂಡು, ಚರಿಗೆ ಚರಿಗೆ, ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಬೇಕು, ಹೇಳದಿದ್ದರೆ ನಾಳೆ ಇವಳು ಕಾಲೇಜಿಗೆ ಹೋದ ಮೇಲೆ ತವರಿಗೆ ಕಳಿಸಿಯೇ ಬಿಡುತ್ತಾಳೆ, ಹೇಳಿದರೆ — ನಮ್ಮ ಮನಿ ಸತ್ತಿಲ್ಲಬೇ ಸೌಂದಿ, ನೀರಾಗ ತಣ್ಣಗ ಮಲಗೈತಿ, ಅಂದುಕೊಂಡೇ ಹನ್ನೆರಡು ವರ್ಷ ಉಂಡಿದ್ದಾಳೆ ಆಯಿ, ಅವಳೆದುರು ನಿಂತು ಹೇಗೆ ಹೇಳುವುದು, ಆಯಿ, ಅದು ಕುಣಿಯುತ್ತಿರಲಿಲ್ಲ, ಮುಳುಗುತ್ತಿತ್ತು, ನೀರು ಅದರ ತವರಲ್ಲ, ಹಂಗಾದರ ನಮ್ಮ ಮನೀನೂ ಸತ್ತೈತೇನು ಎನ್ನುತ್ತಾಳೆ ಆಯಿ, ಬಾಯಿಬಿಟ್ಟು ಅನ್ನುವುದಿಲ್ಲ, ಚರಿಗೆ ಕೆಳಗಿಟ್ಟು ಸುಮ್ಮನೆ ನೋಡುತ್ತಾಳೆ, ಆ ನೋಟ ಬೇಡ, ಹೇಳಲೇಬೇಕು, ಮೊದಲು ಬಾನಿ ಬೋರಲು ಹಾಕಬೇಕು, ಆಮೇಲೆ ಹೇಳಬೇಕು, ಮೂರು ದಿನ, ದಾಟಿದರ, ಮಗ್ಗದ ಸದ್ದು ಶುರುವಾಯಿತು, ಬನಹಟ್ಟಿ ಬಂತು, ಇಳೀರಿ ಇಳೀರಿ, ಗುಳ್ಳೆ, ಸಾಸಿವೆಯಷ್ಟು, ಸಜ್ಜೆಕಾಳಿನಷ್ಟು, ಅದರೊಳಗೆ ಬಸ್ಸಿನ ಕಿಟಕಿ ಬೆಳ್ಳಗೆ, ಒಡಿ, ಒಡಿಯಬೇ ಗಂಗವ್ವ, ಮಂದಿ ಇಳಿಯುತ್ತಿದ್ದಾರೆ, ಹೆಂಗಸು ಮೊಣಕಾಲು ಸರಿಸಿ ದಾರಿ ಬಿಟ್ಟಿದ್ದಾಳೆ, ಇವಳು ಏಳುವುದಿಲ್ಲ, ಎಡ ಹೊಳ್ಳೆಯ ತುದಿಯಲ್ಲಿ ಗುಳ್ಳೆ, ಉಬ್ಬದೆ, ಒಡೆಯದೆ, ಗುಳ್ಳೆ