ಹಾಲ್ಕುರಿಕೆ ಅಳಿಯನ ಫೋನು

ನಮ್ಮ ಕಡೆ ಯಾರಾದರೂ ಊರು, ಮನೆತನದ ಹೆಸರು ಹೇಳಿದರೆ ಸಾಕು, ಒಳಗೆ ಕರೆದು ಮಜ್ಜಿಗೆ ಕೊಡುತ್ತೇವೆ. ಒಳ್ಳೆಯ ಗುಣವೇ. ಆದರೆ ಕಳೆದ ತಿಂಗಳು ಅದೇ ಗುಣ ಓಬಮ್ಮನ ವರ್ಷದ ಕೊಬ್ಬರಿಯನ್ನೆಲ್ಲ ಕಳೆದುಬಿಡುತ್ತಿತ್ತು.

ತಿಪಟೂರಿನ ನಮ್ಮ ಬೆಳೆಗಾರರ ಸಂಘಕ್ಕೆ ಈ ವರ್ಷ, ಅಂದರೆ ೧೯೮೯ರಲ್ಲಿ, ಕಂಪ್ಯೂಟರ್ ಬಂದಿದೆ. ಟೆಲಿಫೋನ್ ತಂತಿಯ ಮೂಲಕ ಅದಕ್ಕೂ ತುಮಕೂರಿನ ಕಚೇರಿಗೂ ಸಂಪರ್ಕ. ಆ ತಂತಿಯಲ್ಲಿ ಸಂಘದ ಗುಟ್ಟಿನ ಪದ, ಅಂದರೆ ಪಾಸ್‌ವರ್ಡ್, ಕಳಿಸಿದವರು, ಎಲ್ಲಿ ಕೂತಿದ್ದರೂ, ಉಗ್ರಾಣದ ಕೊಬ್ಬರಿಯನ್ನು ತಮಗೆ ಬೇಕಾದ ಲಾರಿಗೆ ತುಂಬಲು ಆದೇಶ ಕೊಡಬಹುದು.

ಅವತ್ತು ದಂಡಿನಶಿವರದ ಓಬಮ್ಮ ತನ್ನ ಮೂಟೆಗಳನ್ನು ಉಗ್ರಾಣಕ್ಕೆ ಹಾಕಿಸಿ ಕೂತಿದ್ದಳು. ಮಗಳ ನರ್ಸಿಂಗ್ ಓದು ಆ ಕೊಬ್ಬರಿಯ ಮೇಲೆಯೇ ನಿಂತಿತ್ತು. ಫೋನು ಬಂತು. ಗುಮಾಸ್ತ ಈರಣ್ಣ ಎತ್ತಿಕೊಂಡ.

“ತುಮಕೂರು ಆಫೀಸಿಂದ. ನಾನು ಹಾಲ್ಕುರಿಕೆ ಗಂಗಾಧರಯ್ಯನವರ ಅಳಿಯ. ಇಲ್ಲಿ ಕಂಪ್ಯೂಟರ್ ಕೆಟ್ಟಿದೆ, ನಿಮ್ಮ ಗುಟ್ಟಿನ ಪದ ಬೇಗ ಹೇಳಿ. ತಡವಾದ್ರೆ ಸಾಹೇಬ್ರು ಕೂಗಾಡ್ತಾರೆ.”

ಈರಣ್ಣ ವಿಷಯ ಹೇಳಿದ. “ಗಂಗಾಧರಯ್ಯ ನಮ್ಗೆ ಬೇಕಾದೋರು. ಪಾಪ, ಹೇಳ್ಬುಡಪ್ಪ,” ಎಂದಳು ಓಬಮ್ಮ.

ಕಂಪ್ಯೂಟರ್ ನೋಡಿಕೊಳ್ಳುವ ನಸೀಮ್ ಬಾನು ಎದ್ದು ಬಂದು ಫೋನಿಗೆ ಕೈ ಅಡ್ಡ ಹಿಡಿದಳು. “ಇಟ್ಬಿಡಿ ಈರಣ್ಣ. ನಾವೇ ತುಮಕೂರಿಗೆ ಮಾಡಿ ಕೇಳೋಣ.”

“ಗುರ್ತಿನೋರ್ನ ಅನುಮಾನಿಸಿದ್ರೆ ಏನಂದ್ಕೊಂಡಾರು?” ಎಂದ ಈರಣ್ಣ.

“ಗುರ್ತಿರೋದು ಮಾವಂದು ಕಣ್ರೀ. ಈ ದನಿ ಯಾರ್ದು?” ನಸೀಮ್ ಓಬಮ್ಮನತ್ತ ತಿರುಗಿದಳು. “ಅಟ್ಟದ ಕಾಯಿನ ಕಿವಿ ಹತ್ರ ಅಲ್ಲಾಡಿಸಿ ಸದ್ದು ಕೇಳ್ದೆ ಒಡೀತೀರಾ?”

“ವರ್ಷ ಒಣಗಿದ್ರೂ ಒಡ್ಯಾಕಿಲ್ಲ ಕಣವ್ವ. ಒಳ್ಗೆ ಹಸಿ ಇದ್ರೆ ಕೊಬ್ರಿ ಕೆಟ್ಟೋಯ್ತದೆ.” ಓಬಮ್ಮ ಫೋನಿನತ್ತ ಕೈ ತೋರಿದಳು. “ಇಡಪ್ಪ ಈರಣ್ಣ, ಫೋನು.”

ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಟ್ರಂಕ್ ಕಾಲ್ ಸಿಗಲು ಒಂದು ಗಂಟೆ ಹಿಡಿಯಿತು. ತುಮಕೂರಿನಲ್ಲಿ ಕಂಪ್ಯೂಟರ್ ಕೆಟ್ಟಿರಲಿಲ್ಲ, ಅಲ್ಲಿಂದ ಯಾರೂ ಫೋನ್ ಮಾಡಿರಲೂ ಇಲ್ಲ. ಗುಟ್ಟಿನ ಪದವನ್ನು ತಾವು ಎಂದೂ ಕೇಳುವುದಿಲ್ಲ ಎಂದರು.

ಓಬಮ್ಮ ಹಣೆ ಚಚ್ಚಿಕೊಂಡಳು. “ಗಂಗಾಧರಯ್ಯಂಗೆ ಇರೋರು ಮೂರೂ ಗಂಡುಮಕ್ಳು ಕಣ್ರೀ. ಅಳಿಯ ಎಲ್ಲಿಂದ ಬಂದ?”

ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕೊಬ್ಬರಿ ಉಗ್ರಾಣದಲ್ಲೇ ಉಳಿಯಿತು. ಓಬಮ್ಮನ ಮಗಳು ಈಗ ಹಾಸನದಲ್ಲಿ ಓದುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಊರಿನ ಹೆಸರು, ಮಾವನ ಹೆಸರು, ಸಾಹೇಬರ ಹೆಸರು ಯಾರು ಬೇಕಾದರೂ ಹೇಳಬಹುದು. ಅವರು ಅವಸರ ಮಾಡಿದಷ್ಟೂ ನೀವು ನಿಧಾನ ಮಾಡಿ. ಫೋನ್ ಇಟ್ಟು, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಮಾಡಿ ವಿಚಾರಿಸಿ. ನಿಜವಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಗೆ ಬಂದವರಿಗೆ ಮಜ್ಜಿಗೆ ಕೊಡಿ, ಗುಟ್ಟಿನ ಪದ ಮಾತ್ರ ಕೊಡಬೇಡಿ.