ಒಲೆಯ ಕೈಗೆ ಸಿಗದ ಜ್ವರ

ನಮ್ಮ ಭಾವ ಬ್ರೆಡ್ ಬೇಯಿಸಿದರೆ ಅದರ ಪರಿಮಳಕ್ಕೆ ಮಸಣದಲ್ಲಿ ಮಲಗಿದವರೂ ಎದ್ದು ಚಹಾ ಕೇಳುತ್ತಾರೆ. ಅವರ ಬೇಕರಿಯಲ್ಲಿ ಹಿಟ್ಟು ನಾದುವವನು ನಾನೇ. ಇದಕ್ಕಿಂತ ದೊಡ್ಡ ಸಾಕ್ಷಿ ಭೂಮಂಡಲದಲ್ಲಿಲ್ಲ.

ಹೋದ ವರ್ಷ ಭಾವ ಮೇದೋಜೀರಕ ಗ್ರಂಥಿ ಊದಿಕೊಂಡು, ಆಸ್ಪತ್ರೆ ಸೇರಿ, ಗುಣವಾಗಿ ಬಂದಿದ್ದರು. ತಿಂಗಳಾಗಿತ್ತೋ ಇಲ್ಲವೋ, ಮತ್ತೆ ಹೊಟ್ಟೆನೋವು, ವಾಂತಿ, ಉರಿಯುವ ಒಲೆಯ ಮುಂದೆಯೇ ಚಳಿ! ಅವರ ಹಲ್ಲಿನ ಸದ್ದಿಗೆ ಬೇಕರಿಯ ಟ್ರೇಗಳೆಲ್ಲ ತಾಳ ಹಾಕುತ್ತಿದ್ದವು.

ಬಿಸಿ ಟ್ರೇ ಇಳಿಸಿದ ಕೈಯಲ್ಲೇ ಅಕ್ಕ ಗಂಡನ ಹಣೆ ಮುಟ್ಟಿದಳು. "ಜ್ವರ ಎಲ್ಲಿದೆ? ತಣ್ಣಗಿದ್ದೀರಲ್ಲ!"

ಒಲೆಗೆ ಟ್ರೇ ತಳ್ಳುತ್ತಿದ್ದ ನಾನೂ ಮುಟ್ಟಿದೆ. ತಣ್ಣಗೇ ಇತ್ತು.

"ಇದು ಬರೀ ಗ್ಯಾಸು ಕಣೋ. ಒಂದು ಸೋಡಾ ಕುಡಿದ್ರೆ ಓಡಿಹೋಗುತ್ತೆ" ಎಂದರು ಭಾವ.

ಬನ್ನು ಕೊಳ್ಳಲು ಬಂದ ಪಕ್ಕದ ಮನೆಯ ನರ್ಸಕ್ಕ ನಕ್ಕುಬಿಟ್ಟರು. "ಒಲೆ ಹತ್ರ ಕಾದ ಕೈಗೆ ಯಾರ ಜ್ವರ ಗೊತ್ತಾಗುತ್ತೆ ಹೇಳಿ?"

ಮನೆಯಿಂದ ಥರ್ಮಾಮೀಟರ್ ತಂದು ಭಾವನ ಕಂಕುಳಿಗೆ ಇಟ್ಟರು. ಪಾದರಸ ಗಾಜು ಒಡೆದುಕೊಂಡು ಸೂರ್ಯನತ್ತ ಹಾರಿತು. ಸರಿ, ಹಾರಲಿಲ್ಲ, ನೂರ ಮೂರಕ್ಕೆ ನಿಂತಿತು.

"ಗುಣ ಆಯ್ತು ಅಂತ ಡಾಕ್ಟ್ರೇ ಕಳಿಸಿದ್ರಲ್ಲ ನರ್ಸಕ್ಕ?" ಎಂದರು ಭಾವ.

"ಅಣ್ಣಾ, ಮೇಲೆಲ್ಲ ಕೆಂಪಗಾದ ಬ್ರೆಡ್ಡು ಒಳಗೆ ಹಸಿ ಇರೋದನ್ನ ನೀವು ನೋಡಿಲ್ವಾ? ಊತ ಇಳಿದ ಮೇಲೂ, ಕೆಲವು ವಾರ ಕಳೆದು, ಕೆಲವರಿಗೆ ಆ ಗ್ರಂಥಿ ಹತ್ರ ಕೀವು ಕಟ್ಟುತ್ತೆ. ಕಾಲಿನ ಕುರು ಆದ್ರೆ ಕಣ್ಣಿಗೆ ಕಾಣುತ್ತೆ. ಇದು ಜಠರದ ಹಿಂದೆ ಅಡಗಿರುತ್ತೆ. ನಂಜು ರಕ್ತಕ್ಕೆ ಏರಿದ್ರೆ ಜೀವಕ್ಕೇ ಕುತ್ತು. ಈಗಲೇ ಹೊರಡಿ."

"ಈ ಸಲದ ಬ್ರೆಡ್ಡು ಬೆಂದುಬಿಡಲಿ..."

ಅಕ್ಕ ಒಲೆ ಆರಿಸಿದಳು. ಅವರ ಮದುವೆಯ ದಿನವೂ ಆರದಿದ್ದ ಒಲೆ ಅದು! ಭಾವ ತೆಪ್ಪಗೆ ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಕೀವು ಸಿಕ್ಕಿಬಿತ್ತು. ಹೊಟ್ಟೆಯ ಬದಿಯಿಂದ ಸಣ್ಣ ನಳಿಕೆ ಇಳಿಸಿ ಹೊರತೆಗೆದರು. ಜೊತೆಗೆ ಸೋಂಕಿನ ಔಷಧ. ಕೀವು ಕೊಡಗಟ್ಟಲೆ ಬಂತು ಎನ್ನುತ್ತೇನೆ ನಾನು, ಒಂದು ಲೋಟ ಎನ್ನುತ್ತಾರೆ ಡಾಕ್ಟರು. "ಇನ್ನೂ ತಡಮಾಡಿದ್ದರೆ ಕಷ್ಟವಿತ್ತು" ಎಂದೂ ಅವರೇ ಹೇಳಿದರು.

ಭಾವ ಈಗ ಗಟ್ಟಿಮುಟ್ಟು. ಬೇಕರಿಯ ಗೋಡೆಯಲ್ಲಿ ಥರ್ಮಾಮೀಟರ್ ತೂಗುತ್ತಿದೆ. ಅಕ್ಕ ಈಗ ಯಾರ ಹಣೆಯನ್ನೂ ಮುಟ್ಟುವುದಿಲ್ಲ, ಬಾಯಿ ತೆರೆದವರ ನಾಲಿಗೆಯಡಿ ಅದನ್ನೇ ತುರುಕುತ್ತಾಳೆ.

ನನ್ನ ಮಾತಿನಲ್ಲಿ ಅರ್ಧ ಕಳೆದು ನಂಬಿ, ಬೇಜಾರಿಲ್ಲ. ಇದೊಂದನ್ನು ಮಾತ್ರ ಪೂರ್ತಿ ನಂಬಿ: ಮೇದೋಜೀರಕ ಗ್ರಂಥಿ ಊದಿಕೊಂಡು ಗುಣವಾದವರಿಗೆ ಮತ್ತೆ ಜ್ವರ, ಚಳಿ, ಹೊಟ್ಟೆನೋವು, ವಾಂತಿ ಬಂದರೆ ಕೈಯನ್ನು ನಂಬಬೇಡಿ, ಸೋಡಾ ಹುಡುಕಬೇಡಿ. ಒಲೆ ಆರಿಸಿ, ಆಸ್ಪತ್ರೆಗೆ ನಡೆಯಿರಿ. ಒಲೆಯನ್ನು ನಾಳೆಯೂ ಹಚ್ಚಬಹುದು.